ಕೇಳಿಯೂ ಕೇಳದ ಕೂಗು

ಡಂಕನ್‌ಗೆ ಗಾಳ ಬೀಸಲು ಕಲಿಸಿದವನು ನೆವಿಲ್. ನೆವಿಲ್‌ನ ತಂಗಿ ಮಾರ್ಜರಿಯನ್ನು ಮದುವೆಯಾಗಿ ಗೋರ್ ಊರಿಗೆ ಬಂದ ಹೊಸತರಲ್ಲಿ ಈ ಮನುಷ್ಯನಿಗೆ ಗಾಳದ ಕೊಕ್ಕೆಗೆ ಗರಿ ಸುತ್ತಿ ಕಟ್ಟಿದ ನಕಲಿ ನೊಣಕ್ಕೂ ಅಡುಗೆಮನೆಯ ನೊಣಕ್ಕೂ ವ್ಯತ್ಯಾಸ ಗೊತ್ತಿರಲಿಲ್ಲ. ಮಟೌರಾ ನದಿಯ ದಂಡೆಯಲ್ಲಿ ಅವನನ್ನು ನಿಲ್ಲಿಸಿ, ಮೊಣಕೈ ಪಕ್ಕೆಗೆ ಒತ್ತಿಸಿ, ದಾರ ಹಿಂದಕ್ಕೆ ಪೂರ್ತಿ ಚಾಚುವ ತನಕ ಕಾಯಬೇಕೆಂದು ಹೇಳಿಕೊಟ್ಟದ್ದೆಲ್ಲ ನೆವಿಲ್‌ನೇ. ಎರಡು ಬೇಸಿಗೆ ಕಲಿತ. ಮೂರನೆಯ ಬೇಸಿಗೆಗೆ ಶಿಷ್ಯನ ಮೀನು ಗುರುವಿನ ಮೀನಿಗಿಂತ ದೊಡ್ಡದಾಗಿತ್ತು. ಆಮೇಲಿನ ಇಪ್ಪತ್ತೊಂದು ವರ್ಷವೂ ಅದೇ ಕಥೆ.

ಡಂಕನ್ ಎಂದೂ ಜಂಬ ಕೊಚ್ಚಿದವನಲ್ಲ. ಯಾರಾದರೂ ಹೊಗಳಿದರೆ, ಎಲ್ಲ ನಮ್ಮ ನೆವಿಲ್ ಕಲಿಸಿದ್ದು ಅನ್ನುತ್ತಿದ್ದ. ಆ ಮಾತು ಕಿವಿಗೆ ಬಿದ್ದಾಗಲೆಲ್ಲ ನೆವಿಲ್‌ಗೆ ಹೊಟ್ಟೆಯೊಳಗೆ ಕೆಂಡ ಇಟ್ಟ ಹಾಗಾಗುತ್ತಿತ್ತು. ಜಂಬಗಾರನಾಗಿದ್ದರೆ ಬೈದು ಹಗುರಾಗಬಹುದಿತ್ತು. ಒಳ್ಳೆಯವನನ್ನು ಏನು ಮಾಡುವುದು?

ಮಾರ್ಚ್ ತಿಂಗಳ ಒಂದು ಶನಿವಾರ ಇಬ್ಬರೂ ನದಿಗೆ ಹೋದರು. ಒಂದು ಮೀನು ಸಿಕ್ಕರೆ, ಇಲ್ಲವೇ ಅರ್ಧ ಗಂಟೆ ಕಳೆದರೆ ಸರದಿ ಬದಲಾಗಬೇಕು ಅನ್ನುವುದು ಅವರ ಹಳೆಯ ಕರಾರು. ಹನ್ನೊಂದು ಗಂಟೆಯ ಹೊತ್ತಿಗೆ ಡಂಕನ್ ಮೂರು ಮೀನು ಹಿಡಿದು ವಾಪಸು ನೀರಿಗೆ ಬಿಟ್ಟಿದ್ದ. ನೆವಿಲ್‌ನದು ಸೊನ್ನೆ.

ಆದರೆ ನೆವಿಲ್‌ನ ಬಳಿ ಒಂದು ಗುಟ್ಟಿತ್ತು. ಬುಧವಾರ ಒಬ್ಬನೇ ಬಂದಾಗ ಮೇಲಿನ ತಿರುವಿನಲ್ಲಿ, ನೀರಿನ ಮೇಲೆ ಬಾಗಿದ ವಿಲೋ ಮರದಡಿ ಒಂದು ಕಂದು ಟ್ರೌಟ್ ಮೀನನ್ನು ಕಂಡಿದ್ದ. ಅಷ್ಟು ದೊಡ್ಡದನ್ನು ಅವನು ತನ್ನ ಜನ್ಮದಲ್ಲೇ ನೋಡಿರಲಿಲ್ಲ. ಯಾರಿಗೂ ಬಾಯಿ ಬಿಟ್ಟಿರಲಿಲ್ಲ. ಈ ದಿನ ಆ ತಿರುವು ಮುಟ್ಟುವಾಗ ಸರದಿ ತನ್ನದೇ ಇರಬೇಕೆಂದು, ಹಸಿವಿಲ್ಲದಿದ್ದರೂ ಕೂತು ಎರಡು ಚೀಸ್ ರೋಲ್ ತಿಂದು ಹೊತ್ತು ಕಳೆದಿದ್ದ.

ಮೂರನೆಯ ಬೀಸಿಗೆ ಮೀನು ನೊಣವನ್ನು ಕಚ್ಚಿತು. ಕೋಲು ಬಿಲ್ಲಿನಂತೆ ಬಾಗಿತು, ರೀಲು ಕಿರ್ರೆಂದು ಬಿಚ್ಚಿಕೊಂಡಿತು. ದಂಡೆಯ ಮೇಲೆ ಕಾಲು ಚಾಚಿ ಕೂತಿದ್ದ ಡಂಕನ್ ಕೈಬಲೆ ಹಿಡಿದು ಎದ್ದು ನಿಂತ. ನೆವಿಲ್‌ಗೆ ಬೇಕಾಗಿದ್ದದ್ದೂ ಅದೇ: ಇವನು ನಿಂತು ನೋಡಬೇಕು.

ಆಗ ತಿರುವಿನ ಆಚೆಯಿಂದ ಒಂದು ಕೂಗು ಕೇಳಿತು. ಹೆಂಗಸಿನ ದನಿ. ನೆವಿಲ್ ತಟ್ಟನೆ ತಲೆ ಎತ್ತಿದ.

"ಏನೋ ಕೇಳಿಸ್ತಲ್ಲ?" ಎಂದ ಡಂಕನ್.

"ಬಾತುಕೋಳಿ ಇರ್ಬೇಕು ಮಾರಾಯ," ಎಂದ ನೆವಿಲ್.

ಹೆಣ್ಣು ಬಾತು ಹಾಗೆ ಕಿರುಚುವುದುಂಟು. ಆದರೆ ಬಾತುಕೋಳಿ "ಯಾರಾದ್ರೂ ಇದೀರಾ" ಎಂದು ಕೇಳುವುದಿಲ್ಲ. ಎರಡನೆಯ ಕೂಗಿನಲ್ಲಿ ಮಾತು ಸ್ಪಷ್ಟವಾಗಿತ್ತು. ಡಂಕನ್ ಬಲೆಯನ್ನು ಹುಲ್ಲಿಗೆ ಎಸೆದು, ಬಾ ನೆವಿಲ್ ಎನ್ನುತ್ತಾ ಓಡಿದ. ನೆವಿಲ್ ಬಂದೆ ಬಂದೆ ಎಂದ. ದಾರ ಕಡಿಯಲು ಒಂದು ಎಳೆತ ಸಾಕಿತ್ತು. ಅವನು ಎಳೆಯಲಿಲ್ಲ.

ಐದಾರು ನಿಮಿಷವಾದರೂ ಆಗಿರಬೇಕು. ಬಲೆಯ ಗೊಡವೆಯಿಲ್ಲದೆ ಮೀನನ್ನು ತೆಳುನೀರಿಗೆ ಎಳೆದು ಎರಡೂ ಕೈಯಲ್ಲಿ ಹಿಡಿದ. ಎಂಟು ಪೌಂಡಿಗೆ ಕಡಿಮೆಯಿಲ್ಲ. ಡಂಕನ್‌ನ ಎಲ್ಲ ಮೀನುಗಳಿಗಿಂತಲೂ ದೊಡ್ಡದು. ಸುತ್ತ ನೋಡಿದ. ವಿಲೋ ಮರ, ಬೇಲಿಯಾಚೆ ನಾಲ್ಕು ಕುರಿ, ಅಷ್ಟೇ. ಮೀನನ್ನು ನೀರಿಗೆ ಬಿಟ್ಟು ಓಡಿದ.

ಅಲ್ಲಿ ಕಂಡದ್ದು ಇದು. ಆ ಜಮೀನಿನ ಒಡತಿ ಐಲ್ಸಾಳ, ಹೊಲದಲ್ಲಿ ಓಡಿಸುವ ನಾಲ್ಕು ಚಕ್ರದ ಬೈಕು ದಂಡೆ ಕುಸಿದು ನದಿಗೆ ಮಗುಚಿತ್ತು. ಅವಳ ಕಾಲು ಅದರಡಿ ಸಿಕ್ಕಿತ್ತು, ನೀರು ಗದ್ದದವರೆಗೆ ಬಂದಿತ್ತು. ಡಂಕನ್ ಬೈಕಿಗೆ ಹೆಗಲು ಕೊಟ್ಟು, ಒಂದು ಕೈಯಲ್ಲಿ ಅವಳ ತಲೆಯನ್ನು ಎತ್ತಿ ಹಿಡಿದು ನಿಂತಿದ್ದ. ಒಬ್ಬನ ಕೈಲಿ ಅದನ್ನು ಎತ್ತುವುದು ಆಗದ ಮಾತು. ಅವಳನ್ನು ಬಿಟ್ಟು ಸಹಾಯಕ್ಕೆ ಹೋಗುವುದೂ ಆಗದು. ಅಷ್ಟು ಹೊತ್ತೂ ಅವನು ಹಾಗೆಯೇ ನಿಂತಿದ್ದ, ತುಟಿ ನೀಲಿಗಟ್ಟಿತ್ತು. ಇಬ್ಬರೂ ಸೇರಿ ಬೈಕನ್ನು ಎತ್ತಿದರು.

ಹೆಲಿಕಾಪ್ಟರ್ ಬಂದು ಐಲ್ಸಾಳನ್ನು ಆಸ್ಪತ್ರೆಗೆ ಒಯ್ದಿತು. ಪೊಲೀಸಿನವನು ಕೇಳಿದಾಗ ಡಂಕನ್, ಕೂಗು ಕೇಳಿದ ಕೂಡಲೇ ಇಬ್ಬರೂ ಓಡಿಬಂದೆವು ಎಂದ. ನೆವಿಲ್ ಕಡೆ ತಿರುಗಿಯೂ ನೋಡಲಿಲ್ಲ. ಅಷ್ಟು ಸಲೀಸಾಗಿ ಇನ್ನೊಬ್ಬನ ಮಾನ ಉಳಿಸುವುದು ತನಗೆ ಈ ಜನ್ಮದಲ್ಲಿ ಬರುತ್ತಿತ್ತೇ ಎಂದು ನೆವಿಲ್ ಯೋಚಿಸಿದ. ಕೃತಜ್ಞತೆ ಹುಟ್ಟಬೇಕಾಗಿದ್ದ ಜಾಗದಲ್ಲಿ ಹಳೆಯ ಉರಿಯೇ ಎದ್ದಿತು.

ಮನೆಗೆ ಹೋಗುವಾಗ ಕಾರಿನಲ್ಲಿ ಡಂಕನ್ ಒಂದೇ ಮಾತು ಕೇಳಿದ. "ಮೀನು ಏನಾಯ್ತು?"

ಎಂಟು ಪೌಂಡು ಎಂಬ ಮಾತು ನೆವಿಲ್‌ನ ನಾಲಗೆಯ ತುದಿಗೆ ಬಂತು. ಅದನ್ನು ಹೇಳಿದರೆ ಎಷ್ಟು ಹೊತ್ತು ನಿಂತೆನೆಂಬುದನ್ನೂ ಹೇಳಿದಂತೆ.

"ಆಗ್ಲೇ ತಪ್ಪಿಸ್ಕೊಳ್ತು," ಎಂದ.

ಮಂಗಳವಾರ ನೆವಿಲ್ ಇನ್ವರ್‌ಕಾರ್ಗಿಲ್ ಊರಿನ ಆಸ್ಪತ್ರೆಗೆ ಹೋದ. ನಿದ್ದೆ ಕೆಟ್ಟು ಕಣ್ಣು ಕೆಂಪಾಗಿತ್ತು. ಐಲ್ಸಾ ಕಾಲಿಗೆ ಕಬ್ಬಿಣದ ಕಡ್ಡಿ ಹಾಕಿಸಿಕೊಂಡು ಮಲಗಿದ್ದಳು. ಪಕ್ಕದ ಮೇಜಿನ ಮೇಲೆ ಒಂದು ಗೊಂಚಲು ದ್ರಾಕ್ಷಿ. ನಿನ್ನೆ ಡಂಕನ್ ಬಂದಿದ್ದನಂತೆ. ಬೈಕು ಎತ್ತಿದ್ದು ಮುಕ್ಕಾಲು ಪಾಲು ನೆವಿಲ್‌ನ ತಾಕತ್ತು ಎಂದನಂತೆ. ಇಲ್ಲೂ ಅವನೇ ಮೊದಲು, ಎಂದುಕೊಂಡ ನೆವಿಲ್. ಆಮೇಲೆ ಕುರ್ಚಿ ಎಳೆದು ಕೂತ.

"ನೀವು ಮೊದಲ ಸಲ ಕೂಗಿದ್ದೇ ನಂಗೆ ಕೇಳಿಸ್ತು," ಎಂದ. "ಗಾಳದಲ್ಲಿ ಮೀನಿತ್ತು. ಬಿಡೋಕೆ ಮನಸ್ಸು ಬರ್ಲಿಲ್ಲ."

ಐಲ್ಸಾ ಚಾವಣಿಯತ್ತ ಮುಖ ತಿರುಗಿಸಿದಳು. ನದಿಯಲ್ಲಿ ನೀರು ಬಾಯಿಗೆ ನುಗ್ಗುತ್ತಿದ್ದಾಗ ಸೆಕೆಂಡು ಎಣಿಸುತ್ತಿದ್ದೆ, ಮುನ್ನೂರರ ತನಕ ಎಣಿಸಿದ್ದೆ ಎಂದಳು. ದನಿಯಲ್ಲಿ ಸಿಟ್ಟಿತ್ತು, ಅದನ್ನು ಅವಳು ಮುಚ್ಚಿಡಲಿಲ್ಲ. ನೆವಿಲ್ ತಲೆ ತಗ್ಗಿಸಿ ಕೂತ. ಎದ್ದು ಹೋಗಲಿಲ್ಲ.

"ಡಂಕನ್‌ಗೆ ಗೊತ್ತಾ?" ಎಂದು ಕೇಳಿದಳು.

"ಗೊತ್ತಿರ್ಬೇಕು. ಅವ್ನು ಹೇಳಲ್ಲ. ಅದಕ್ಕೇ ನಂಗೆ ಅವ್ನನ್ನ ಕಂಡ್ರೆ ಆಗಲ್ಲ."

ಅವಳಿಗೆ ನಗು ಬಂತು, ನಕ್ಕರೆ ಕಾಲು ನೋಯಿತು. ಹಲ್ಲು ಕಚ್ಚಿ ನೋವು ನುಂಗಿಕೊಂಡು, "ಎಷ್ಟು ದೊಡ್ಡದಿತ್ತು?" ಎಂದಳು.

ನೆವಿಲ್ ಎರಡೂ ಕೈ ಚಾಚಿ ಅಳತೆ ತೋರಿಸಿದ.