ಡೀನರ ಬುಧವಾರ

ಕಚೇರಿಯ ಹೊಸ ಸಿಸ್ಟಂ ಪರೀಕ್ಷಿಸಲು ಇಲ್ಲದ ಪ್ರೊಫೆಸರೊಬ್ಬನ ಹೆಸರಿನಲ್ಲಿ ರೆನ್ಸ್ಕೆ ಅರ್ಜಿ ತುಂಬುತ್ತಿದ್ದಳು. ಸಂಶೋಧನೆಯ ವಿಷಯ ಎಂದಿದ್ದ ಕಡೆ 'ಬಾತುಕೋಳಿಗಳ ನಿದ್ದೆ' ಎಂದು ಬರೆದಳು. ಬೇಕಾದ ಹಣದ ಜಾಗದಲ್ಲಿ ಬಾಯಿಗೆ ಬಂದ ಅಂಕಿ ಹಾಕಿ ಕಳಿಸುವ ಗುಂಡಿ ಒತ್ತಿದಳು. ಆಮೇಲೆ ಪ್ರೊಫೆಸರನ ವೇಷ ಕಳಚಿ, ಇಲ್ಲದ ಡೀನ್ ಒಬ್ಬನಾಗಿ ಒಳಗೆ ಬಂದು, ಅದೇ ಅರ್ಜಿಯನ್ನು ಕಾರಣ ಕೊಡದೆ ತಿರಸ್ಕರಿಸಿದಳು. ತಿರಸ್ಕಾರದ ಸುದ್ದಿ ಬಾತುಕೋಳಿ ಪ್ರೊಫೆಸರನಿಗೆ ಹೋಗಬೇಕಿತ್ತು. ಹೋಯಿತು. ಈಗ ಮತ್ತೆ ಅವನಾಗಿ, ಮುಖ ಸಿಂಡರಿಸದೆ, ತಿದ್ದಿ ಕಳಿಸಬೇಕು.

"ನಿನ್ ಜೊತೆ ನೀನೇ ಜಗಳ ಆಡ್ಕೊಳ್ಳೋ ಕೆಲಸಕ್ಕೂ ಸಂಬಳ ಕೊಡ್ತಾರೆ ನೋಡು" ಎಂದಳು ಎದುರಿನ ಮೇಜಿನ ರೂಲಿ. "ಬೇರೆ ಯಾರೂ ಸಿಗದಿದ್ರೆ ಇನ್ನೇನು ಮಾಡ್ತೀಯ, ಪಾಪ."

ರೆನ್ಸ್ಕೆ ಅರ್ಜಿ ತಿದ್ದಿ ಮತ್ತೆ ಗುಂಡಿ ಒತ್ತಿದಳು. ರೂಲಿ ಕಾಫಿಯ ತಟ್ಟೆ ಎತ್ತಿಕೊಂಡು ಸಾಲಿನುದ್ದಕ್ಕೂ ನಡೆದು ಎಲ್ಲರ ಲೋಟಗಳನ್ನೂ ಒಟ್ಟು ಮಾಡಿದಳು. ರೆನ್ಸ್ಕೆಯ ಮೇಜಿನ ಬಳಿ ಮಾತ್ರ ಅವಳ ಕಾಲು ನಿಲ್ಲಲಿಲ್ಲ. ಚಳಿಗಾಲದಿಂದ ಇದೇ ನಡೆದಿತ್ತು. ಇವತ್ತು ರೂಲಿಯ ಹುಟ್ಟುಹಬ್ಬ. ಅವಳ ಕುರ್ಚಿಯ ಬೆನ್ನಿಗೆ ಯಾರೋ ಬಣ್ಣದ ಕಾಗದದ ತೋರಣ ಕಟ್ಟಿದ್ದರು. ರೆನ್ಸ್ಕೆ ಬೆಳಗ್ಗೆ ಬಂದಾಗ ಆ ತೋರಣವನ್ನು ನೋಡಿಯೂ ನೋಡದವಳಂತೆ ಕೋಟು ಕಳಚಿ ಕೂತಿದ್ದಳು. ಶುಭಾಶಯ ನಾಲಿಗೆಯ ತನಕ ಬಂದಿತ್ತು, ಅಲ್ಲೇ ಕೂತಿತು.

ವಿಶ್ವವಿದ್ಯಾಲಯದ ಸಂಶೋಧನಾ ಅನುದಾನದ ಕಚೇರಿ ಅದು. ಹೇಗ್ ನಗರದಲ್ಲಿರುವ, ಹಣ ಕೊಡುವ ಸಂಶೋಧನಾ ಕೌನ್ಸಿಲ್‌ಗೆ ಯಾವ ಅರ್ಜಿ ಹೋಗಬೇಕಾದರೂ ಮೊದಲು ಇಲ್ಲಿಗೆ ಬಂದು, ಡೀನರ ಒಪ್ಪಿಗೆ ಪಡೆದು, ಆಮೇಲೆಯೇ ಹೊರಗೆ ಕಾಲಿಡಬೇಕು. ಇಷ್ಟು ವರ್ಷ ಆ ಒಪ್ಪಿಗೆಯನ್ನು ಹಿಡಿದು ತಂದವಳು ರೂಲಿ. ಮಹಡಿ ಹತ್ತಿ, ಬಾಗಿಲು ತಟ್ಟಿ, ಬೈದು, ಬೈಸಿಕೊಂಡು. ಈಗ ಅದನ್ನೆಲ್ಲ ಸಿಸ್ಟಂ ಮಾಡುತ್ತದೆ. ಯಾರು ಏನು ಮಾಡುತ್ತಾರೆಂದು ಕೇಳಿ ತಿಳಿದು, ಚೌಕಗಳನ್ನೂ ಬಾಣಗಳನ್ನೂ ಬರೆದು, ಪ್ರೋಗ್ರಾಂ ಬರೆಯುವವರ ಕೈಗೆ ಕೊಡುವುದು ರೆನ್ಸ್ಕೆಯ ಕೆಲಸ. ಚಿತ್ರ ಮುಗಿಯುವ ಹೊತ್ತಿಗೆ ಯಾರದೋ ಕೆಲಸ ಕರಗಿರುತ್ತದೆ. ಅದು ಎಲ್ಲರಿಗೂ ಗೊತ್ತು. ಹಾಗೆಂದು ಬಾಯಿಬಿಟ್ಟು ಹೇಳುವವರಿಲ್ಲ, ಅಷ್ಟೆ.

ಈ ಸಲ ಹೇಳಿದ್ದರು. ಬೇಸಿಗೆ ರಜೆಯ ನಂತರ ರೂಲಿಯ ಹುದ್ದೆ ಬೇಕೋ ಬೇಡವೋ ಎಂದು ರೆನ್ಸ್ಕೆಯೇ ಬರೆದುಕೊಡಬೇಕೆಂದು ಕಚೇರಿಯ ಮುಖ್ಯಸ್ಥ ಮಾರ್ನಿಕ್ಸ್ ಕೇಳಿದ್ದ. ನಾಳೆ ಶುಕ್ರವಾರ ಕೊಡಬೇಕು. "ನೀವು ಯಾರ ಪಕ್ಷವೂ ಅಲ್ಲ, ರೆನ್ಸ್ಕೆ. ನೀವು ಬರೆದ್ರೆ ಯಾರೂ ಮಾತಾಡೋ ಹಾಗಿಲ್ಲ" ಎಂದಿದ್ದ. ತನ್ನ ಕೈಗೆ ಕೊಳೆಯಾಗದ ಹಾಗೆ ಕೋಳಿ ಕೊಯ್ಯಬೇಕು ಅವನಿಗೆ. ಈ ವಿಷಯ ಅದೇ ಮಧ್ಯಾಹ್ನ ರೂಲಿಯ ಕಿವಿಗೂ ಬಿದ್ದಿತ್ತು.

ಇಬ್ಬರ ನಡುವಿನ ಹಗೆ ಅದಕ್ಕಿಂತ ಹಳೆಯದು. ಶರತ್ಕಾಲದಲ್ಲಿ ರೆನ್ಸ್ಕೆ ಅವಳ ಮುಂದೆ ಕಾಗದ ಹರಡಿಕೊಂಡು ಕೂತ ಮೊದಲ ದಿನದ್ದು.

"ಅರ್ಜಿ ಬಂತು. ಆಮೇಲೆ?"

"ನೋಡ್ತೀನಿ."

"ಏನು ನೋಡ್ತೀಯ?"

"ಕಣ್ಣಲ್ಲಿ ನೋಡ್ತೀನಿ. ನೀನು ಮೂಗಲ್ಲಿ ನೋಡ್ತೀಯಾ?"

"ಸರಿ. ಆಮೇಲೆ?"

"ಡೀನ್ ಹತ್ರ ಹೋಗುತ್ತೆ."

"ಆಮೇಲೆ?"

"ಸಹಿ ಹಾಕ್ತಾರೆ. ಇನ್ನೇನು, ಉಪ್ಪು ಹಾಕ್ಕೊಂಡು ತಿಂತಾರಾ?" ರೂಲಿ ಕುರ್ಚಿ ತಿರುಗಿಸಿ ಇಡೀ ಕೋಣೆಗೆ ಕೇಳುವ ಹಾಗೆ ಹೇಳಿದಳು: "ಈಗ ಗೊತ್ತಾಯ್ತು ಕಣ್ರೋ, ಇವಳ ಗಂಡ ಯಾಕೆ ಬಿಟ್ಟು ಹೋದ ಅಂತ. ರಾತ್ರಿ ಹಾಸಿಗೇಲೂ ಹೀಗೇ ಆಮೇಲೆ, ಆಮೇಲೆ ಅಂತಿದ್ಲೋ ಏನೋ!"

ಕೋಣೆ ನಕ್ಕಿತು. ಕೆಲವರು ಕೂಡಲೇ ಬಾಯಿ ಮುಚ್ಚಿಕೊಂಡರು, ಆದರೂ ಮೊದಲು ನಕ್ಕಿದ್ದರು. ರೆನ್ಸ್ಕೆಯೂ ಸ್ವಲ್ಪ ನಕ್ಕಳು. ಅವಳಿಗೆ ಇವತ್ತಿಗೂ ಸಹಿಸಲಾಗದ್ದು ತನ್ನ ಆ ನಗು. ಗಂಡ ಹೋದ ವರ್ಷ ಅವಳು ಯಾರ ಮುಂದೆಯೂ ಅತ್ತವಳಲ್ಲ. ಅಳದೆ ಉಳಿಸಿಕೊಂಡದ್ದನ್ನೆಲ್ಲ ಆ ನಗು ಒಂದೇ ಕ್ಷಣದಲ್ಲಿ ಎದುರಿನವಳಿಗೆ ಒಪ್ಪಿಸಿಬಿಟ್ಟಿತ್ತು.

ಅವಳು ಚೌಕ ಬರೆದಳು. 'ಡೀನ್, ಸಹಿ.' ಅದರಿಂದ ಹೊರಗೆ ಒಂದು ಬಾಣ.

ಆ ಬಾಣ ಮುರಿದದ್ದು ಕೆಲವು ವಾರಗಳ ಹಿಂದೆ, ಒಂದು ಬುಧವಾರ. ಡೀನ್ ಹಾರ್ಮೆನ್ ತೆರ್ಪ್‌ಸ್ಟ್ರಾ ಬುಧವಾರ ಕೆಲಸಕ್ಕೆ ಬರುವುದಿಲ್ಲ. ಮೊಮ್ಮಕ್ಕಳ ದಿನ ಅದು. ಇಲ್ಲಿ ಎಲ್ಲರಿಗೂ ವಾರದಲ್ಲಿ ಅಂಥದೊಂದು ದಿನವಿದೆ. ಆ ದಿನ ಅವರನ್ನು ಕರೆಯುವುದೆಂದರೆ ಬಚ್ಚಲಮನೆಯ ಬಾಗಿಲು ತಟ್ಟಿದಷ್ಟೇ ಅಸಭ್ಯ. ಫೆನ್ನಾ ಎಂಬ ಹುಡುಗಿಯ ಅರ್ಜಿ ಮಂಗಳವಾರ ಸಂಜೆ, ಡೀನ್ ಮನೆಗೆ ಹೊರಟ ಮೇಲೆ, ಅವರ ಪೆಟ್ಟಿಗೆಗೆ ಬಿತ್ತು. ಕೌನ್ಸಿಲ್‌ನ ಬಾಗಿಲು ಈ ಸಲದ ಅರ್ಜಿಗಳಿಗೆ ಬುಧವಾರ ಮಧ್ಯಾಹ್ನ ಮುಚ್ಚುತ್ತಿತ್ತು. ಸಿಸ್ಟಂ ಡೀನರಿಗೆ ಒಂದರ ಹಿಂದೊಂದು ಜ್ಞಾಪನೆ ಕಳಿಸಿತು. ಡೀನ್ ಮೊಮ್ಮಕ್ಕಳ ಜೊತೆ ಮರಳಿನ ಕೋಟೆ ಕಟ್ಟುತ್ತಿದ್ದರು. ಪರದೆಯ ಮೇಲೆ ಫೆನ್ನಾಳ ಹೆಸರು ಒಪ್ಪಿಗೆಗೆ ಕಾಯುವ ಹಳದಿಯಲ್ಲೇ ಉಳಿದು, ಬಾಗಿಲು ಮುಚ್ಚಿದ ಮೇಲೆ ಬೂದುಬಣ್ಣಕ್ಕೆ ತಿರುಗಿತು.

ಹಿಂದೆಲ್ಲ ಇಂಥ ಹೊತ್ತಿಗೆ ರೂಲಿ ಡೀನರ ಮನೆಗೆ ಫೋನ್ ಮಾಡುತ್ತಿದ್ದಳು. ಅವರ ಹೆಂಡತಿ ಎತ್ತಿಕೊಂಡು ಬಾಯಿಗೆ ಬಂದಂತೆ ಬೈಯುತ್ತಿದ್ದಳು. ರೂಲಿ ಕಾಯುತ್ತಿದ್ದಳು. ಡೀನ್ ಬಂದು 'ಹೂಂ' ಅನ್ನುತ್ತಿದ್ದರು. ಅದು ಯಾವ ಚೌಕದಲ್ಲೂ ಇರಲಿಲ್ಲ.

ಫೆನ್ನಾಳ ಅರ್ಜಿ ತಪ್ಪಿದ್ದರ ವಿಚಾರಣೆಯ ಸಭೆ ಇವತ್ತು ಮಧ್ಯಾಹ್ನ. ಹುಟ್ಟುಹಬ್ಬದ ದಿನವೇ ಬಿದ್ದದ್ದರಿಂದ ರೂಲಿ ಬೇಯಿಸಿ ತಂದಿದ್ದ ಸೇಬಿನ ಕೇಕನ್ನು ಸಭೆಯ ಮೇಜಿನ ನಡುವೆಯೇ ಇಟ್ಟರು. ಇಲ್ಲಿಯ ಪದ್ಧತಿಯಲ್ಲಿ ಹುಟ್ಟಿದವರು ಒಬ್ಬರಾದರೂ ಅಭಿನಂದನೆ ಕೋಣೆಯಲ್ಲಿರುವ ಎಲ್ಲರಿಗೂ ಸಲ್ಲಬೇಕಲ್ಲ. ಮಾರ್ನಿಕ್ಸ್ ಒಬ್ಬೊಬ್ಬರ ಕೈಯನ್ನೂ ಕುಲುಕುತ್ತ ಬಂದ.

"ರೂಲಿ ಹುಟ್ಟುಹಬ್ಬಕ್ಕೆ ನಿಮಗೆ ಅಭಿನಂದನೆ, ರೆನ್ಸ್ಕೆ."

"ನಿಮಗೂ" ಎಂದಳು ರೆನ್ಸ್ಕೆ.

"ಜೋರಾಗಿ ಹೇಳಮ್ಮ, ನನಗೂ ಕೇಳ್ಲಿ" ಎಂದಳು ರೂಲಿ, ಚಾಕು ಒರೆಸುತ್ತ.

ಡೀನ್ ಕೂರುವ ಮುನ್ನವೇ ಶುರು ಮಾಡಿದರು. "ನನ್ನ ಬುಧವಾರ ಈ ಕಟ್ಟಡದ ಗುಬ್ಬಿಗಳಿಗೂ ಗೊತ್ತು. ನಿಮ್ಮ ಸಿಸ್ಟಂಗೆ ಮಾತ್ರ ಗೊತ್ತಿಲ್ಲ. ಅದಕ್ಕೆ ಅಷ್ಟು ದುಡ್ಡು ಸುರಿದ್ವಿ!"

"ಸಿಸ್ಟಂಗೆ ಯಾರಾದ್ರೂ ಹೇಳಬೇಕು, ಹಾರ್ಮೆನ್" ಎಂದಳು ರೆನ್ಸ್ಕೆ.

"ಹೇಳೋ ಕೆಲಸ ಯಾರದ್ದು?"

ಎಲ್ಲರೂ ಅವಳನ್ನೇ ನೋಡಿದರು. ರೂಲಿ ಮಾತ್ರ ಕೇಕನ್ನು ನೋಡುತ್ತಿದ್ದಳು, ಎಲ್ಲಿ ಕತ್ತರಿಸಿದರೆ ತುಂಡುಗಳು ಸಮ ಬರುತ್ತವೆಂದು ಅಳೆಯುವವಳ ಹಾಗೆ.

ಮೂಲೆಯಲ್ಲಿ ಕೂತಿದ್ದ ಫೆನ್ನಾ ಕೈ ಎತ್ತಿದಳು, ಶಾಲೆಯ ಹುಡುಗಿಯ ಹಾಗೆ. ಕಡಲ ಇಳಿತದಲ್ಲಿ ಬಯಲಾಗುವ ಕೆಸರಿನ ಮೇಲೆ ಸಂಶೋಧನೆ ಅವಳದ್ದು. ಹೊಸ ಅನುದಾನ ಸಿಕ್ಕಿದ್ದರೆ ಕೆಲಸ ಮುಂದುವರಿಯುತ್ತಿತ್ತು. ಈಗ ಬೇಸಿಗೆಯೊಂದಿಗೆ ಮುಗಿಯುತ್ತದೆ.

"ನಾನು ಒಂದೇ ಕೇಳ್ಬೇಕು" ಎಂದಳು. "ಅವತ್ತು ಯಾರೂ ನೋಡ್ಲಿಲ್ವಾ? ಇಷ್ಟು ಜನದಲ್ಲಿ ಒಬ್ರೂ?"

ಡೀನ್ ಕಿಟಕಿಯ ಹೊರಗೆ ನೋಡಿದರು.

"ಕೆನೆ ಹಾಕ್ಲಾ ನಿನಗೆ?" ಎಂದು ರೂಲಿ ಅವಳನ್ನು ಕೇಳಿದಳು.

ಫೆನ್ನಾ ತಟ್ಟೆಯನ್ನು ತೆಗೆದುಕೊಂಡಳು. ತಿನ್ನಲಿಲ್ಲ. ಸಭೆ ಮುಗಿದು ಎದ್ದಾಗ ಕೆನೆ ಕರಗಿ ಕೇಕಿನ ಸುತ್ತ ನಿಂತಿತ್ತು.

ಬಾಗಿಲ ಬಳಿ ಮಾರ್ನಿಕ್ಸ್ ರೆನ್ಸ್ಕೆಯ ಮೊಣಕೈ ಹಿಡಿದು ನಿಲ್ಲಿಸಿದ. "ಒಂದು ನಿಯಮ ಸೇರಿಸಿದ್ರೆ ಮುಗೀತಲ್ವಾ? ಡೀನ್ ಇಲ್ಲದ ದಿನ ಅರ್ಜಿ ನೇರ ಉಪಡೀನ್‌ಗೆ. ಆಗುತ್ತೆ ತಾನೆ?"

"ಆಗುತ್ತೆ. ದೊಡ್ಡ ಕೆಲಸ ಏನಲ್ಲ."

"ಹಾಗಾದ್ರೆ ರೂಲಿ ವಿಷಯ..." ಅವನು ದನಿ ತಗ್ಗಿಸಿದ. "ಅಂದ್ರೆ, ಫೋನ್ ಮಾಡೋಕೆ ಅಂತ ಒಂದು ಹುದ್ದೆ ಇಟ್ಕೊಳ್ಳೋಕಾಗಲ್ಲ ನೋಡಿ."

"ನಾಳೆ ಬರೆದು ಕೊಡ್ತೀನಿ."

ಅಡುಗೆಕೋಣೆಯಲ್ಲಿ ರೂಲಿ ತಟ್ಟೆಗಳನ್ನು ತೊಳೆಯುತ್ತಿದ್ದಳು. ರೆನ್ಸ್ಕೆ ಒಳಗೆ ಹೋಗಿ ಬಾಗಿಲು ಎಳೆದುಕೊಂಡಳು.

"ಆ ಬುಧವಾರ ನೀನು ಇಲ್ಲೇ ಇದ್ದೆ."

"ಇದ್ದೆ."

"ಪರದೆ ಮೇಲೆ ನೋಡ್ದೆ."

"ನೋಡ್ದೆ. ಹಳದಿ. ಚೆನ್ನಾಗಿತ್ತು ಬಣ್ಣ. ನೀನೇ ಆರಿಸಿದ್ದಲ್ವಾ?"

"ಒಂದು ಫೋನ್ ಮಾಡೋಕೆ ಏನಾಗಿತ್ತು ನಿನಗೆ? ಆ ಹುಡುಗಿ ಗತಿ ನೋಡು!"

ರೂಲಿ ನಲ್ಲಿ ನಿಲ್ಲಿಸಿದಳು. "ನಿನ್ನ ಚಿತ್ರದಲ್ಲಿ ನನ್ನ ಫೋನ್ ಎಲ್ಲಿದೆ, ತೋರ್ಸು. ಇಲ್ಲ ತಾನೆ? ನಿಯಮ ಬಿಟ್ಟು ಯಾರೂ ಏನೂ ಮಾಡ್ಬೇಡಿ, ಸಿಸ್ಟಂ ನೋಡ್ಕೊಳ್ಳುತ್ತೆ ಅಂತ ತರಬೇತಿ ಕೊಟ್ಟವಳು ಯಾರು? ನಾನು ವಿಧೇಯ ವಿದ್ಯಾರ್ಥಿನಿ, ತಾಯಿ."

"ಫೋನ್ ವಿಷಯ ನೀನು ನನಗೆ ಹೇಳ್ಲೇ ಇಲ್ಲ."

"ನೀನು ಕೇಳ್ಲೇ ಇಲ್ಲ."

"ಆಮೇಲೆ, ಆಮೇಲೆ ಅಂತ ಎಷ್ಟು ಸಲ ಕೇಳ್ದೆ!"

"ಏ, ಸುಮ್ನಿರೆ." ರೂಲಿಯ ದನಿ ಇದ್ದಕ್ಕಿದ್ದಂತೆ ತಣ್ಣಗಾಯಿತು. "ಇಷ್ಟು ವರ್ಷ ಇದೇ ಕ್ಯಾಂಟೀನಲ್ಲಿ ಉಂಡಿದ್ದೀಯ. ಬುಧವಾರ ಡೀನ್ ಬರಲ್ಲ ಅಂತ ಗುಬ್ಬಿಗೆ ಗೊತ್ತಿರೋದು ನಿನಗೆ ಗೊತ್ತಿರ್ಲಿಲ್ವಾ? ಗೊತ್ತಿತ್ತು. ಆ ಮೊದಲ ದಿನ ನೀನು ಡೀನ್ ಅಂತ ಬರ್ದು ಪೆನ್ನು ಎತ್ಕೊಂಡು ಕೂತಿದ್ದೆ, ನಾನೂ ನೋಡ್ತಿದ್ದೆ. ನಾನೇ ಬಾಯಿ ಬಿಡ್ಲಿ ಅಂತ ಕಾದೆ. ನನ್ನಿಂದಾನೇ ಇದೆಲ್ಲ ನಡೀತಿರೋದು, ನನ್ನ ಬಿಡಬೇಡಿ ಅಂತ ನಾನು ಕಾಲಿಗೆ ಬೀಳ್ಲಿ ಅಂತ. ಕಾಯಿ ಇನ್ನೂ."

ಅವಳು ಒದ್ದೆ ಕೈಯಿಂದಲೇ ಬಾಗಿಲು ತೆಗೆದು ಹೊರಟುಹೋದಳು.

ಮೇಜಿನ ಮೇಲೆ ತಟ್ಟೆಗಳು ಇನ್ನೂ ಅರ್ಧ ಉಳಿದಿದ್ದವು. ರೆನ್ಸ್ಕೆ ನಲ್ಲಿ ತಿರುಗಿಸಿದಳು. ಕೈ ಕೆಲಸ ಮಾಡುತ್ತಿದ್ದರೆ ತನ್ನನ್ನು ತಾನು ಸಮರ್ಥಿಸಿಕೊಳ್ಳಲು ಸುಲಭವಾದೀತು ಅನ್ನಿಸಿತ್ತು. ಆಗಲಿಲ್ಲ. ಬಳಸುವವರು ಹೇಳದೆ ಇದ್ದದ್ದನ್ನು ಚಿತ್ರಕ್ಕೆ ಸೇರಿಸಬಾರದು, ಅದು ಈ ಕೆಲಸದ ಮೊದಲ ಪಾಠ. ಅದನ್ನು ಎರಡು ಸಲ ಮನಸ್ಸಿನಲ್ಲಿ ಹೇಳಿಕೊಂಡಳು. ಹೇಳಿಕೊಳ್ಳುತ್ತಿರುವಾಗಲೇ ಶರತ್ಕಾಲದ ಆ ಮಧ್ಯಾಹ್ನ ಕಣ್ಣಮುಂದೆ ಬಂತು. ಕೋಣೆಯ ನಗು ಇನ್ನೂ ಆರಿರಲಿಲ್ಲ. ಚೌಕ ಬರೆದಾದ ಮೇಲೆ ಪೆನ್ನು ಕಾಗದದಿಂದ ಮೇಲೆದ್ದಿತ್ತು. 'ಬುಧವಾರ?' ಎಂಬ ಮಾತು ಬಾಯಲ್ಲಿತ್ತು. ಕೇಳಬಾರದು ಅಂದುಕೊಂಡಿದ್ದಳು. ಅವಳೇ ಹೇಳಲಿ, ಬೇಕಾದರೆ. ಬೇಡಿಕೊಂಡು ಹೇಳಲಿ.

ಹಾಗೆ ಇಬ್ಬರು ಹೆಂಗಸರು, ತಲೆ ನರೆತವರು, ಒಂದು ಮೇಜಿನ ಆಚೆ ಈಚೆ ಕೂತು ಹಟ ಹಿಡಿದಿದ್ದರು. ಅವರಿಬ್ಬರ ನಡುವಿನ ಸಂದಿನಲ್ಲಿ ಬಿದ್ದದ್ದು ಮೂರನೆಯವಳು.

ಸಂಜೆ ರೆನ್ಸ್ಕೆ ಸೈಕಲ್ ನಿಲ್ಲಿಸುವ ಜಾಗಕ್ಕೆ ಏನೋ ತರಲು ಇಳಿದಾಗ ಫೆನ್ನಾ ಅಲ್ಲಿದ್ದಳು. ಸೈಕಲ್ಲಿನ ಮುಂದಿನ ಪೆಟ್ಟಿಗೆಗೆ ಕೆಸರು ತುಂಬಿದ ಗಾಜಿನ ಬಾಟಲಿಗಳನ್ನು ಹಳೆಯ ಸ್ವೆಟರಿನಲ್ಲಿ ಸುತ್ತಿ ಜೋಡಿಸುತ್ತಿದ್ದಳು.

"ಪ್ರಯೋಗಾಲಯದ ಫ್ರಿಜ್ಜು ಖಾಲಿ ಮಾಡಿಕೊಡಿ ಅಂದ್ರು" ಎಂದಳು. "ಸದ್ಯಕ್ಕೆ ಅಮ್ಮನ ಫ್ರಿಜ್ಜು. ಮೊಸರಿನ ಪಕ್ಕ. ಅಮ್ಮ ಕುಣಿದಾಡ್ತಾಳೆ."

ರೆನ್ಸ್ಕೆ ಒಂದು ಬಾಟಲಿ ಎತ್ತಿಕೊಟ್ಟಳು. ಭಾರವಾಗಿತ್ತು. "ಫೆನ್ನಾ, ಆ ದಿನ..."

"ಬಿಡಿ. ನಿಮ್ಮದೇನೂ ತಪ್ಪಿಲ್ಲ, ಸಿಸ್ಟಂ ತಪ್ಪು ಅಂತ ಎಲ್ಲರೂ ಹೇಳ್ತಿದ್ದಾರೆ." ಹುಡುಗಿ ಹಾಗೆಂದದ್ದು ಸಮಾಧಾನಕ್ಕಲ್ಲ, ಮಾತು ಮುಗಿಸಲಿಕ್ಕೆ. ಸೈಕಲ್ಲನ್ನು ತಳ್ಳಿಕೊಂಡು, ಬಾಟಲಿಗಳು ತಾಗದ ಹಾಗೆ ನಿಧಾನವಾಗಿ, ಎದುರುಗಾಳಿಗೆ ತಲೆ ಬಗ್ಗಿಸಿ ಹೊರಟಳು. ಒಮ್ಮೆಯೂ ಹಿಂದೆ ನೋಡಲಿಲ್ಲ.

ರೆನ್ಸ್ಕೆ ಮೇಲೆ ಬಂದು ಕೂತಳು. ಮಾರ್ನಿಕ್ಸ್‌ಗೆ ಕೊಡಬೇಕಾದ ಪುಟವನ್ನು ತೆರೆದಳು. ಬರೆಯಬೇಕಾದದ್ದು ಸುಲಭವಿತ್ತು. ಉಪಡೀನ್‌ಗೆ ಹೋಗುವ ಒಂದು ನಿಯಮ, ಅದರ ಕೆಳಗೆ 'ಹುದ್ದೆಯ ಅಗತ್ಯ ಕಾಣುವುದಿಲ್ಲ' ಎಂಬ ಒಂದು ವಾಕ್ಯ. ಎರಡೂ ನಿಜ. ನಿಯಮ ಕೆಲಸ ಮಾಡುತ್ತದೆಂದು ಅವಳಿಗಿಂತ ಚೆನ್ನಾಗಿ ಬಲ್ಲವರಿಲ್ಲ. ಆ ವಾಕ್ಯ ಬರೆದರೆ ಬೇಸಿಗೆಯ ನಂತರ ಎದುರಿನ ಕುರ್ಚಿ ಖಾಲಿ. ಕಾಫಿಯ ತಟ್ಟೆ ತನ್ನ ಮೇಜನ್ನು ದಾಟಿ ಹೋಗುವುದಿಲ್ಲ. ಗಂಡನ ಮಾತು ಎತ್ತುವವರಿಲ್ಲ. ಬಾಯಿ ಬಿಡದೆ ಕೂತ ಇಬ್ಬರಲ್ಲಿ ಒಬ್ಬಳು ಮನೆಗೆ ಹೋಗುತ್ತಾಳೆ, ಇನ್ನೊಬ್ಬಳು ಯಾರ ಪಕ್ಷವೂ ಅಲ್ಲದವಳಾಗಿ ಇಲ್ಲೇ ಉಳಿಯುತ್ತಾಳೆ.

ಎದುರಿಗೆ ರೂಲಿ ಕೋಟು ಹಾಕಿಕೊಳ್ಳುತ್ತಿದ್ದಳು. ತೋರಣವನ್ನು ಕಿತ್ತು ಮುದ್ದೆ ಮಾಡಿ ಕಸದ ಬುಟ್ಟಿಗೆ ಹಾಕಿದಳು. ವಯಸ್ಸಾಗಿತ್ತು ಅವಳಿಗೆ. ಕೋಟಿನ ತೋಳು ಸಿಗದೆ ಎರಡು ಸಲ ಬೆನ್ನ ಹಿಂದೆ ಕೈಯಾಡಿಸಿದಳು. ಅದನ್ನು ನೋಡಿ ರೆನ್ಸ್ಕೆಗೆ ಕನಿಕರ ಹುಟ್ಟಲಿಲ್ಲ. ಹುಟ್ಟಲಿಲ್ಲವಲ್ಲ ಎಂದು ತನಗೇ ಸ್ವಲ್ಪ ಆಶ್ಚರ್ಯವಾಯಿತು. ಈ ಹೆಂಗಸನ್ನು ತಾನು ಕ್ಷಮಿಸಿಲ್ಲ, ಮುಂದೆಯೂ ಕ್ಷಮಿಸಲಾರೆ. ಆದರೆ ಇಬ್ಬರ ತಪ್ಪಿಗೆ ಒಬ್ಬಳನ್ನು ಕಳಿಸಿ ತಾನು ಹಗುರಾಗುವುದೂ ತನ್ನಿಂದಾಗದು. ಇವಳು ಇಲ್ಲೇ ಇರಲಿ. ದಿನಾ ಬೆಳಗ್ಗೆ ಎದುರಿಗೆ ಬಂದು ಕೂರಲಿ. ನಾನು ನೋಡುತ್ತೇನೆ, ಅವಳೂ ನನ್ನನ್ನು ನೋಡಲಿ.

ಯಾರ ಯಾರ ದಿನ ಯಾವುದೆಂದು ಬಲ್ಲ, ಬೈಸಿಕೊಂಡರೂ ಫೋನ್ ಇಡದ ಒಬ್ಬ ಮನುಷ್ಯ ಬೇಕು. ಇದು ನಿಯಮದಿಂದ ಆಗುವ ಕೆಲಸವಲ್ಲ. ಹಾಗೆಂದು ಬರೆಯುವುದೆಂದು ಅವಳು ತೀರ್ಮಾನಿಸಿದಳು. ಉಪಡೀನ್ ನಿಯಮದ ಬಗ್ಗೆ ಮಾರ್ನಿಕ್ಸ್ ಕೇಳಿದರೆ, ಮತ್ತೆ ಕೂತು ನೋಡಿದೆ, ಆಗುವುದಿಲ್ಲ ಅಂದರಾಯಿತು. ಅವನು ಪರೀಕ್ಷಿಸಲಾರ. ಗೊತ್ತಿದ್ದೂ ಚಿತ್ರದಿಂದ ಏನನ್ನೋ ಬಿಡುವುದು ಅವಳಿಗೆ ಇದು ಎರಡನೆಯ ಸಲವಾಗುತ್ತಿತ್ತು.

"ನನ್ನ ಗುಂಡಿ ತೋಡಿ ಆಯ್ತಾ?" ಎಂದಳು ರೂಲಿ, ಕೈಗವಸು ಹಾಕಿಕೊಳ್ಳುತ್ತ. "ಹೇಳು, ನಾಳೆ ಬರ್ತಾ ಹೂವು ತರ್ತೀನಿ."

"ಇನ್ನೂ ಇಲ್ಲ" ಎಂದಳು ರೆನ್ಸ್ಕೆ, ಪರದೆಯಿಂದ ಕಣ್ಣು ತೆಗೆಯದೆ.