ಅಕ್ಕನ ಫೈಲು, ತಂಗಿಯ ಫೈಲು

ಕಂಪ್ಯೂಟರ್ ಪರದೆಯಲ್ಲಿ ಮತ್ತೆ ಅದೇ ಕೆಂಪು ಸಾಲು, ಇಂಪೋರ್ಟ್ ಎರರ್, ಈ ಪೈಥಾನ್‌ದು ಇದೊಂದು ಬುದ್ಧಿ, ಕೇಳಿದ್ದು ಸಿಗಲಿಲ್ಲ ಎಂದು ಕಿರುಚುತ್ತದೆ, ಯಾಕೆ ಸಿಗಲಿಲ್ಲ ಅಂದರೆ ಬಾಯಿ ಬಿಡುವುದಿಲ್ಲ, ಇರಲಿ, ಬಿಟ್ಟಾಳೇ ಇವಳು — ಕಿಟಕಿಯಾಚೆ ಯಾರೋ ಜಮಖಾನ ಕೊಡವುತ್ತಿದ್ದಾರೆ, ಧಪ್ ಧಪ್ — ಈಜುಕೊಳದ ಯಜಮಾನರು ಆಗಲೇ ಫೋನ್ ಮಾಡಿಯಾಯಿತು, ಏನಮ್ಮಾ, ಬುಕಿಂಗ್ ಪುಟ ತೆರೀತಾನೇ ಇಲ್ಲ, ನಿನ್ ಕೈಲಿ ಆಗುತ್ತಾ, ಇಲ್ಲಾ ನಿಮ್ಮಕ್ಕನ್ನೇ ಕೇಳ್ಲಾ, ಅಯ್ಯೋ ಬೇಡ ಸಾರ್, ಅಕ್ಕನ್ನ ಮಾತ್ರ ಕೇಳ್ಬೇಡಿ, ಇಬ್ಬರೂ ಸೇರಿ ಕಟ್ಟಿದ ವೆಬ್‌ಸೈಟು ನಿಜ, ಆದರೆ ಜಗಳವಾಡಿ ಮಾತು ಬಿಟ್ಟ ಮೇಲೆ ಮೊದಲು ಫೋನ್ ಮಾಡಿದವರು ಸೋತಂತೆ, ಇವಳೇನು ಸೋಲುವವಳೇ, ಫೋಲ್ಡರ್ ಸರಿಯಿದೆ, ಹೆಸರೂ ಸರಿಯಿದೆ, ಓಡಿಸು ಇನ್ನೊಮ್ಮೆ, ಎರರನ್ನ ಕೆಳಗಿಂದ ಓದೇ ಪೆದ್ದಿ, ಅಕ್ಕನೇ ಕಲಿಸಿದ್ದು, ತಲೆಗೆ ಮೊಟಕಿ ಮೊಟಕಿ, ಕೊನೆಯ ಸಾಲಲ್ಲಿ ಏನಿದೆ, ಕೇಳಿದ ಫೈಲು ಇನ್ನೂ ಅರ್ಧವಷ್ಟೇ ತಯಾರು, ಅರ್ಧ — ಅರ್ಧ ಹೆಣೆದ ಜಡೆ, ಸ್ಕೂಲಿಗೆ ಹೊತ್ತಾಗಿದೆ, ಕನ್ನಡಿಯ ಮುಂದೆ ಇಬ್ಬರೂ, ನಂದು ಮೊದ್ಲು ಹೆಣೆ, ಇಲ್ಲ ಕಣೇ ನಂದು ಮೊದ್ಲು, ಒಳಗಿಂದ ಅಮ್ಮ, ಯಾರಾದ್ರೂ ಒಬ್ರು ಶುರು ಮಾಡ್ರೇ —

ತಡಿ ತಡಿ, ಅಕ್ಕ ಬರೆದ, ಈಜು ಕಲಿಸುವ ಕೋಚ್‌ಗಳ ಫೈಲು ಏಳುವ ಮೊದಲೇ ಇವಳ ವೇಳಾಪಟ್ಟಿಯ ಫೈಲನ್ನು ಕರೆಯುತ್ತದೆ, ಇವಳ ಫೈಲಲ್ಲೋ, ಯಾವ ಕೋಚ್‌ಗೆ ರಜೆ ಎಂದು ತಿಳಿಯಲು ನಿನ್ನೆ ಇವಳೇ ಮೇಲ್ಗಡೆ ಸೇರಿಸಿದ ಸಾಲು, ಅಕ್ಕನನ್ನು ಒಂದು ಮಾತು ಕೇಳಿದ್ದರೆ ಬೇಡ ಅನ್ನುತ್ತಿದ್ದಳು, ಆ ಸಾಲು ಅಕ್ಕನ ಫೈಲನ್ನೇ ಕರೆಯುತ್ತದೆ, ಅದು ಇದನ್ನು ಕಾಯುತ್ತ ಇದು ಅದನ್ನು ಕಾಯುತ್ತ, ಸಿಕ್ಕಿದ ಕಳ್ಳ, ಸಿಕ್ಕಿದ! ಕಿತ್ತು ತೆಗಿ ಆ ಸಾಲನ್ನು, ರಜೆ ನೋಡುವ ಫಂಕ್ಷನ್ನಿನ, ಆ ಪುಟ್ಟ ಕೋಡ್ ತುಣುಕಿನ, ಒಳಗೆ ಇಡು, ಮೊದಲು ಫೈಲು ತಾನು ಎದ್ದು ನಿಲ್ಲಲಿ, ಆಮೇಲೆ ಕರೆಯಲಿ, ಓಡಿಸು — ಬಂತು, ಬುಕಿಂಗ್ ಪುಟ ಕಣ್ಣಮುಂದೆ, ಅಬ್ಬಾ, ಖುಷಿಗೆ ಕುರ್ಚಿಯೇ ಉರುಳಿತು, ಯಜಮಾನರಿಗೆ ಹೇಳಬೇಕು, ಎಲ್ಲಿ ಫೋನು, ಒತ್ತಿಯೂ ಆಯಿತು, ಒಂದೇ ರಿಂಗಿಗೆ, ಏನೇ — ಅಯ್ಯೋ ದೇವರೇ, ಅಕ್ಕ, ಹಾಳು ರೂಢಿ, ಖುಷಿಯಾದರೆ ಬೆರಳು ಹೋಗುವುದೇ ಆ ನಂಬರಿಗೆ, ಇಟ್ಟುಬಿಡಲೇ, ಇಡಲಾರಳು, ಅಕ್ಕಾ, ಎರಡು ಫೈಲೂ ಒಂದನ್ನೊಂದು ಕಾಯ್ತಾ ಕೂತಿದ್ವು ಕಣೇ, ಅತ್ತಲಿಂದ ಅಕ್ಕ, ಇಷ್ಟು ದಿನ ಯಾಕೇ ಫೋನ್ ಮಾಡ್ಲಿಲ್ಲ, ನೀನ್ಯಾಕೆ ಮಾಡ್ಲಿಲ್ಲ, ಮತ್ತೆ ಆ ಸ್ಕೂಲಿನ ಬೆಳಗು, ಕನ್ನಡಿಯಲ್ಲಿ ಅಕ್ಕ, ಹಲ್ಲಲ್ಲಿ ರಿಬ್ಬನ್ನು ಕಚ್ಚಿಕೊಂಡು ಇವಳ ಬೈತಲೆ ತೆಗೆಯುತ್ತಿದ್ದಾಳೆ, ಹೆಗಲ ಮೇಲೆ ಅವಳದೇ ಅರ್ಧ ಹೆಣೆದ ಜಡೆ, ಬಿಚ್ಚಿಕೊಳ್ಳುತ್ತಿದೆ.