ಸರಿದ ಕುರ್ಚಿ

ಒದ್ದೆ ಸುಣ್ಣದ ವಾಸನೆ ಬಂದರೆ ಶರಾವತಿ ಟೀಚರಿಗೆ ಇವತ್ತಿಗೂ ಅಪ್ಪನ ನೆನಪಾಗುತ್ತದೆ. ಭದ್ರಾವತಿಯ ಆಟದ ಮೈದಾನದಲ್ಲಿ ಗೆರೆ ಹಾಕುವ ಕೆಲಸ ಅವರದು. ಬೆಳಗಿನ ಇಬ್ಬನಿಗೆ ಸುಣ್ಣದ ಪುಡಿ ನೆನೆದು ಮೂಗಿಗೆ ಚುರುಕ್ಕೆನ್ನುವ ಘಾಟು ಏಳುತ್ತಿತ್ತು. ಅಳತೆಯ ಹಗ್ಗದ ಇನ್ನೊಂದು ತುದಿ ಹಿಡಿದು ನಿಲ್ಲುವುದು ಎಂಟು ವರ್ಷದ ಮಗಳ ಪಾಲು. ಒಂದು ದಿನ ಅವಳು ಆಕಳಿಸುತ್ತ ಅರ್ಧ ಅಡಿ ಸರಿದಿದ್ದಳು. ಅಪ್ಪ ಬೈಯಲಿಲ್ಲ. ಇಡೀ ಗೆರೆ ಅಳಿಸಿ ಮತ್ತೆ ಎಳೆದರು. "ಗೆರೆ ತಪ್ಪಿದ್ರೆ ಸೋಲೋದು ಓಡೋಳು ಮಗಾ, ನಾವಲ್ಲ" ಅಂದರು, ಅಷ್ಟೆ.

ಆ ಮಗಳು ಓಲ್ಡ್ ಟೌನಿನ ಹೆಣ್ಣುಮಕ್ಕಳ ಶಾಲೆಯಲ್ಲಿ ಮೂವತ್ತೊಂದು ವರ್ಷ ಪಿ.ಟಿ. ಟೀಚರಾಗಿ ಸೀಟಿ ಊದಿ ನಿವೃತ್ತಳಾದಳು. ಈಗ ಟೀಚರು ಎಡ ಎದೆಯ ಗಡ್ಡೆ ತೆಗೆಸಿಕೊಂಡು, ಶಿವಮೊಗ್ಗದ ಆಸ್ಪತ್ರೆಯೊಂದರಲ್ಲಿ ಕೀಮೋ ತೆಗೆದುಕೊಳ್ಳುತ್ತಿದ್ದರು.

ಅಲ್ಲಿ ಪ್ರತಿ ಕೀಮೋಗೆ ಮುಂಚೆ ಆರು ನಿಮಿಷದ ನಡಿಗೆ. ಕಾರಿಡಾರಿನಲ್ಲಿ ಎರಡು ಕುರ್ಚಿ, ನಡುವೆ ಮೂವತ್ತು ಮೀಟರ್. ಇಲ್ಲಿಂದಲ್ಲಿಗೆ, ಅಲ್ಲಿಂದಿಲ್ಲಿಗೆ ಹತ್ತು ಸಲ ಮುಟ್ಟಿದರೆ ಮುನ್ನೂರು ಮೀಟರ್, ಪಾಸು. ಮುಟ್ಟದಿದ್ದರೆ ಹಾಳೆಯ ಮೇಲೆ 'ಅಶಕ್ತೆ' ಎಂದು ಬೀಳುತ್ತಿತ್ತು, ಕೀಮೋ ಮುಂದಕ್ಕೆ ಹೋಗುತ್ತಿತ್ತು.

ಭದ್ರಾವತಿಯ ಬಸ್ಸಿನಲ್ಲಿ ಜೊತೆಗೇ ಬರುವ ಹುಚ್ಚಮ್ಮನಿಗೆ ಹಾಗೆ ಮೂರು ವಾರ ಮುಂದಕ್ಕೆ ಹೋಗಿತ್ತು. ಇವತ್ತೂ ಒಂಬತ್ತೇ ಸಲ. ಗದ್ದೆ ಕೆಲಸದ ಆಳು ಆಕೆ, ಸಸಿಯ ಹೊರೆ ಹೊತ್ತು ಕೆಸರಲ್ಲಿ ನಡೆದವಳು. ಬೆಂಚಿನ ಮೇಲೆ ಕೂತು, ಯಾರದೋ ತಪ್ಪು ತಾನು ಮಾಡಿದವಳಂತೆ ನಕ್ಕಳು. "ನನ್ ಕಾಲಿಗೆ ಏನ್ ಬಂತೋ ಕಾಣೆ ಟೀಚರಮ್ಮ. ಮತ್ತೆ ಹಿಂದಕ್ಕೆ ಕಳಿಸ್ತಾರೆ. ಗಡ್ಡೆ ಕಾಯ್ತದಾ?"

ಟೀಚರ ಸರದಿ ಬಂತು. ಹನ್ನೊಂದು ಸಲ ಮುಟ್ಟಿ ಪಾಸೂ ಆದರು. ಆದರೆ ನಡೆಯುವಾಗಲೇ ಏನೋ ಚುಚ್ಚುತ್ತಿತ್ತು. ಮೈದಾನ ಅಳೆದ ಅವರ ಕಾಲಿಗೆ ಮೂವತ್ತು ಮೀಟರ್ ಎಂದರೆ ಎಷ್ಟೆಂದು ಯಾರೂ ಹೇಳಿಕೊಡಬೇಕಿರಲಿಲ್ಲ. ಉಸಿರು ಹತೋಟಿಗೆ ಬಂದ ಮೇಲೆ ಎದ್ದು, ಒಂದು ಕುರ್ಚಿಯಿಂದ ಇನ್ನೊಂದಕ್ಕೆ ನೆಲದ ಟೈಲ್ಸ್ ಎಣಿಸಿದರು. ಎರಡೆರಡು ಅಡಿಯ ಟೈಲ್ಸ್, ಮೂವತ್ತು ಮೀಟರಿಗೆ ಐವತ್ತಿರಬೇಕು. ಅರವತ್ತಿದ್ದವು. ಐವತ್ತನೆಯದರ ಎದುರು ಗೋಡೆಯ ಮೇಲೆ ಕೆಂಪು ಗುರುತಿತ್ತು. ಅದರ ಕೆಳಗೆ, ಕುರ್ಚಿ ಇರಬೇಕಾದ ಜಾಗದಲ್ಲಿ, ಹೊಸ ನೀರಿನ ಫಿಲ್ಟರ್ ನಿಂತಿತ್ತು.

"ಇದು ಯಾವಾಗ ಬಂತು?" ಎಂದು ನಡಿಗೆ ಮಾಡಿಸುವ ಮೇಧಾಳನ್ನು ಕೇಳಿದರು.

ಹುಡುಗಿಯ ಮುಖ ಬಿಳಿಚಿತು. "ಹೋದ ತಿಂಗಳು ಮೇಡಂ."

ಹುಚ್ಚಮ್ಮ ಒಂಬತ್ತು ಸಲವೂ ನಡೆದದ್ದು ಮೂವತ್ತಾರು ಮೂವತ್ತಾರು ಮೀಟರ್. ಮೂರು ವಾರದ ಹಿಂದೆಯೂ ಇವತ್ತೂ ಆಕೆ ಮುನ್ನೂರು ದಾಟಿದ್ದಳು.

ಟೀಚರು ಡಾಕ್ಟರ್ ತ್ರಿವಿಕ್ರಮರ ಕೋಣೆಗೆ ಹೋದರು. ಅವರು ಪೂರ್ತಿ ಕೇಳಿಸಿಕೊಂಡು, ಒಂದಿಷ್ಟು ಮೀಟರ್ ಹೆಚ್ಚುಕಮ್ಮಿ ಇದ್ದದ್ದೇ ಎಂದರು. ಕಂಪ್ಯೂಟರಿಗೆ ಹೋದ ಅಂಕಿ ತಿದ್ದಲು ಬರುವುದಿಲ್ಲ, ಬೇಕಾದರೆ ಆಯಮ್ಮ ಇನ್ನೊಮ್ಮೆ ನಡೆಯಲಿ ಎಂದರು.

ಮೂವತ್ತೊಂದು ವರ್ಷ ಮೈದಾನದಲ್ಲಿ ಕೂಗಿದ ಗಂಟಲು ಆಗ ತಗ್ಗಿಯೇ ಮಾತಾಡಿತು. "ತಪ್ಪಿದ್ದು ನಿಮ್ಮ ಕುರ್ಚಿ. ದಂಡ ಅವಳ ಕಾಲು ಕಟ್ಬೇಕಾ? ಬೆಳಿಗ್ಗೆ ರಕ್ತ ಪರೀಕ್ಷೆಗೆ ಅಂತ ಹಸಿದುಕೊಂಡು ಬಂದಿದಾಳೆ. ಬಸ್ಸಲ್ಲಿ ನಿಂತ್ಕೊಂಡು ಬಂದಿದಾಳೆ. ಈ ಒಂದು ತಿಂಗಳಲ್ಲಿ ಇನ್ನೆಷ್ಟು ಹೆಂಗಸರನ್ನ ಹೀಗೆ ವಾಪಸ್ ಕಳಿಸಿದೀರಿ? ಅವರನ್ನೆಲ್ಲ ಕರೆಸ್ತೀರಾ?"

ಡಾಕ್ಟರು ಪೆನ್ನಿನ ಮುಚ್ಚಳ ತೆಗೆದು, ಮತ್ತೆ ಹಾಕಿದರು.

ಹಿಂದೆಯೇ ಬಂದು ಬಾಗಿಲ ಹತ್ತಿರ ನಿಂತಿದ್ದ ಹುಚ್ಚಮ್ಮನೇ ಬಾಯಿಬಿಟ್ಟಳು. "ಬಿಡಿ ಮಾರಾಯ್ತಿ, ನಡಿತೀನಿ. ನಡೆಯೋದೇನ್ ನಂಗೆ ಹೊಸದಾ?"

ಮೊದಲು ಕಾಲು ಗಂಟೆ ಕೂತಿರಲಿ ಎಂದು ಟೀಚರು ಹಟ ಹಿಡಿದರು. ಅಷ್ಟರಲ್ಲಿ ಮೇಧಾ ತಾನೇ ಫಿಲ್ಟರನ್ನು ಪಕ್ಕಕ್ಕೆ ತಳ್ಳಿ, ಕುರ್ಚಿಯನ್ನು ಕೆಂಪು ಗುರುತಿನ ಕೆಳಗೆ ತಂದಿಟ್ಟಳು. ಹುಚ್ಚಮ್ಮನ ಸೆರಗು ಕಾಲಿಗೆ ತೊಡರದಂತೆ ಸೊಂಟಕ್ಕೆ ಸಿಕ್ಕಿಸಿದಳು. ಹೊತ್ತು ನೋಡುವ ಗಡಿಯಾರವನ್ನು ಮಾತ್ರ ಟೀಚರು ತಾವೇ ಹಿಡಿದರು.

ಎಂಟನೆಯ ಸಲಕ್ಕೆ ಹುಚ್ಚಮ್ಮ ಗೋಡೆ ಹಿಡಿದು ನಿಂತಳು. ಟೀಚರು ಬೇಗ ಬೇಗ ಎನ್ನಲಿಲ್ಲ, ಶಾಲೆಯಲ್ಲೂ ಅವರು ಹಾಗೆನ್ನುವವರಲ್ಲ. ಸುಮ್ಮನೆ ಎದುರಿನ ಕುರ್ಚಿಯ ಹಿಂದೆ ಹೋಗಿ ನಿಂತರು. ಹುಚ್ಚಮ್ಮ ಅವರ ಮುಖ ನೋಡುತ್ತ ಬಂದು ಮುಟ್ಟಿದಳು. ಒಂಬತ್ತು. ಹತ್ತು. ಹತ್ತರ ಮೇಲೆ ನಾಲ್ಕು ಹೆಜ್ಜೆ ಹಾಕುವಾಗ ಹೊತ್ತು ಮುಗಿಯಿತು.

ಡಾಕ್ಟರು ಸಹಿ ಹಾಕಿದರು. ಮೂರು ವಾರದ ಮಾತನ್ನು ಅವರು ಎತ್ತಲಿಲ್ಲ. ಅದನ್ನು ಯಾವ ಸಹಿಯೂ ಹಿಂದಕ್ಕೆ ತರುವಂತಿರಲಿಲ್ಲ. ಹೋದ ತಿಂಗಳ ಅಶಕ್ತೆಯರ ಹೆಸರೆಲ್ಲ ಬರೆದುಕೊಡು ಎಂದು ಟೀಚರು ಮೇಧಾಳಿಗೆ ಹೇಳಿದರು. ಅವಳು ತಲೆಯಾಡಿಸಿದಳು.

ಕೀಮೋ ಇಳಿಯುವಷ್ಟರಲ್ಲಿ ಸಂಜೆಯಾಗುತ್ತದೆ. ವಾಪಸ್ ಕಳಿಸುತ್ತಾರೆ ಎಂದುಕೊಂಡೇ ಬಂದಿದ್ದ ಹುಚ್ಚಮ್ಮ ಬುತ್ತಿ ತಂದಿರಲಿಲ್ಲ. ಮಂಚದ ಮೇಲೆ ಒರಗಿ, ಕೈಗೆ ಸೂಜಿ ಚುಚ್ಚಿಸಿಕೊಂಡು, ಕಣ್ಣು ಮುಚ್ಚಿದ್ದಳು. ಮೇಧಾ ಬಂದಳು. ಒಂದು ಕೈಯಲ್ಲಿ ಹೆಸರುಗಳ ಹಾಳೆ ಇತ್ತು, ಅದನ್ನು ಟೀಚರಿಗೆ ಕೊಟ್ಟಳು. ಇನ್ನೊಂದು ಕೈಯಲ್ಲಿದ್ದ ತನ್ನ ಊಟದ ಡಬ್ಬಿಯ ಮುಚ್ಚಳ ಸಡಿಲಿಸಿ, ಸೂಜಿ ಇಲ್ಲದ ಕೈಗೆ ಎಟಕುವಂತೆ ಹುಚ್ಚಮ್ಮನ ಮಡಿಲಲ್ಲಿಟ್ಟು ಹೊರಟುಹೋದಳು.